ಹಿಡಿಚೀಲ ಇಳಿಸಿದ ಸೋಮವಾರ

ಅಜ್ಜಂಪುರ
ಬುಧವಾರ, 14-11-1979

ಚಿರಂಜೀವಿ ಓಂಕಾರಮೂರ್ತಿಗೆ ನಿನ್ನ ಅಕ್ಕ ವಿಶಾಲಾಕ್ಷಿಯ ಆಶೀರ್ವಾದ.

ಹೇಗಿದ್ದೀಯಪ್ಪ? ನಿನ್ನ ಹೋದ ಕಾಗದದಲ್ಲಿ ಹೊಟ್ಟೆ ಸರಿಯಿಲ್ಲ ಎಂದು ಒಂದು ಸಾಲು ಬರೆದು, ಉಳಿದ ಮೂರು ಪುಟಕ್ಕೆ ನಾಲೆಯ ಮಣ್ಣಿನ ವಿಷಯ ತುಂಬಿಸಿದ್ದೆ. ನನಗೆ ಬೇಕಾಗಿದ್ದದ್ದು ಆ ಒಂದು ಸಾಲು. ಶಹಾಪುರದ ನೀರು ಗಡಸು ಅಂತ ನೀನೇ ಹೇಳುತ್ತೀಯ, ಕುದಿಸಿ ಆರಿಸಿ ಕುಡಿಯುವುದಕ್ಕೆ ಮಾತ್ರ ಸೋಮಾರಿತನ. ಸ್ವಲ್ಪ ಜೀರಿಗೆ ಹಾಕಿ ಕುದಿಸಿ, ಇಬ್ಬರೂ ಅದನ್ನೇ ಕುಡಿಯಿರಿ. ಮಲ್ಲಿಕಾಂಬಳಿಗೆ ಈಗ ಐದು ತಿಂಗಳು ತುಂಬಿತಲ್ಲ, ವಾಂತಿ ನಿಂತಿದೆಯೇ? ಅವಳಿಗೆ ಬಿಂದಿಗೆ ಎತ್ತಲು ಬಿಡಬೇಡ. ಬೇಡ ಅಂದರೂ ಮುಂದೆ ಬರುವ ಸ್ವಭಾವ ಅವಳದು. ನೀನು ಎಂಜಿನಿಯರು ಅನ್ನುವುದನ್ನು ಒಂದು ಗಳಿಗೆ ಮರೆತು ಬಾವಿಗೆ ಹೋಗು, ಯಾರೂ ನಗುವುದಿಲ್ಲ, ನಕ್ಕರೆ ನಗಲಿ. ನನ್ನ ಮಂಡಿ ನೋವು ಇದ್ದ ಹಾಗೆಯೇ ಇದೆ. ಕೂತರೆ ಏಳುವುದಕ್ಕಾಗುವುದಿಲ್ಲ, ಎದ್ದರೆ ಕೂರುವುದಕ್ಕಾಗುವುದಿಲ್ಲ, ಹಾಗಾಗಿ ನಡೆಯುತ್ತಲೇ ಇರುತ್ತೇನೆ.

ಇವತ್ತು ಮಕ್ಕಳ ದಿನಾಚರಣೆ ಅಂತ ಶಾಲೆ ಅರ್ಧ ದಿನಕ್ಕೇ ಮುಗಿಯಿತು. ನಮ್ಮ ಹಾಸ್ಟೆಲಿನ ಹುಡುಗಿಯರೆಲ್ಲ ಹೈಸ್ಕೂಲು ಮೈದಾನಕ್ಕೆ ಆಟದ ಪಂದ್ಯಕ್ಕೆ ಹೋಗಿದ್ದಾರೆ. ಕೂಗಾಟವಿಲ್ಲದೆ ಕಾಗದ ಬರೆಯುವುದಕ್ಕೆ ಇಂಥ ಮಧ್ಯಾಹ್ನ ಮತ್ತೆ ಸಿಗುವುದಿಲ್ಲ. ಈಗ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಕಡೂರಿಗೆ ಹೋಗಿದ್ದೆ. ನಿನ್ನ ಮಾವ ಮಲ್ಲಿಕಾರ್ಜುನಪ್ಪನವರ ಎದುರು ಕೂತು, ಅವರು ಬೇಡ ಅಂದದ್ದನ್ನೇ ಮಾಡುತ್ತೇನೆ ಎಂದು ಹೇಳಿ ಬಂದೆ. ಹಾಸ್ಟೆಲಿನ ಹೊಸ ಕಟ್ಟಡಕ್ಕೆ ಕೊಡುತ್ತೇನೆ ಎಂದಿದ್ದ ಹಣದಲ್ಲಿ ಉಳಿದದ್ದನ್ನು ಇನ್ನು ಕೊಡುವುದಿಲ್ಲ ಎಂದು ಅವರು ಹೇಳಿದರು. ಈ ಸುದ್ದಿ ಕಡೂರಿನಿಂದ ನಿಮ್ಮ ಮನೆಗೆ ಹೇಗೂ ಬರುತ್ತದೆ. ಅದಕ್ಕಿಂತ ಮೊದಲು ನನ್ನ ಕೈಯಿಂದ ಬರಲಿ ಎಂದು ಬರೆಯುತ್ತಿದ್ದೇನೆ. ಅರ್ಧ ಓದಿ ಎದ್ದು ಓಡಾಡಬೇಡ. ಅದು ನಿನ್ನ ಚಿಕ್ಕಂದಿನ ಚಾಳಿ. ಕೂತು ಪೂರ್ತಿ ಓದು.

ನಿನಗೆ ಗೊತ್ತಿರುವುದೇ ಆದರೂ ಮೊದಲಿನಿಂದ ಬರೆಯುತ್ತೇನೆ. ಮಲ್ಲಿಕಾಂಬಳಿಗೆ ಇದನ್ನು ಓದಿ ಹೇಳಬೇಕು ನೀನು. ಅವಳ ಅಪ್ಪನ ವಿಷಯ, ಅವಳಿಂದ ಮುಚ್ಚಿಡುವುದು ಸರಿಯಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಏಳನೇ ಕ್ಲಾಸಿನ ಮೇಲೆ ಶಾಲೆ ಇಲ್ಲ. ಹೆಣ್ಣುಮಕ್ಕಳು ದಿನಾ ಏಳೆಂಟು ಮೈಲಿ ನಡೆದು ಹೈಸ್ಕೂಲಿಗೆ ಬರುವುದಕ್ಕೆ ಮನೆಯವರು ಒಪ್ಪುವುದಿಲ್ಲ, ಓದು ಬಿಡಿಸಿ ಮದುವೆ ಮಾಡುತ್ತಾರೆ. ಅದನ್ನು ನೋಡಿ ನೋಡಿ ಸಾಕಾಗಿ ಎಪ್ಪತ್ತಮೂರರಲ್ಲಿ ಐದು ಹುಡುಗಿಯರನ್ನು ಇಟ್ಟುಕೊಂಡು ಸಂತೆ ಮೈದಾನದ ಹಿಂದಿನ ಬಾಡಿಗೆ ಮನೆಯಲ್ಲಿ ಹಾಸ್ಟೆಲ್ ಶುರು ಮಾಡಿದೆ. ಅವರ ಊಟಕ್ಕೆ ದಾರಿ ಮಾಡಿದ್ದು ಹಿಡಿಚೀಲ. ಒಪ್ಪಿದ ಮನೆಗೆಲ್ಲ ಒಂದೊಂದು ಬಟ್ಟೆಯ ಚೀಲ ಹೊಲಿದು ಕೊಟ್ಟೆವು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಅದನ್ನು ನೇತುಹಾಕಿ, ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಮನೆಯಾಕೆ ಒಂದು ಹಿಡಿ ರಾಗಿಯನ್ನೋ ಜೋಳವನ್ನೋ ಅದರೊಳಗೆ ಹಾಕುವುದು. ಸೋಮವಾರ ಸೋಮವಾರ ನಾನು ನಾಲ್ಕು ಹುಡುಗಿಯರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೀಲ ಬರಿದು ಮಾಡಿಕೊಂಡು ಬರುವುದು. ಮೊದಲು ಮೂವತ್ತು ಮನೆ ಇತ್ತು, ಆಮೇಲೆ ನೂರ ನಲವತ್ತು ಆಯಿತು. ಹುಡುಗಿಯರು ಇಪ್ಪತ್ತೆರಡು ಜನ ಆದರು. ಆರು ವರ್ಷದಲ್ಲಿ ಒಂದು ದಿನವೂ ಒಲೆ ಆರಲಿಲ್ಲ.

ಈ ವರ್ಷ ಬಾಡಿಗೆ ಮನೆಯ ಯಜಮಾನರು, ಮಗನ ಸಂಸಾರಕ್ಕೆ ಬೇಕು, ಬರುವ ಯುಗಾದಿಯ ಹೊತ್ತಿಗೆ ಬಿಟ್ಟುಕೊಡಿ ಎಂದರು. ಅವರದ್ದು ತಪ್ಪಿಲ್ಲ. ಸ್ಟೇಷನ್ ರಸ್ತೆಯಲ್ಲಿ ನಮಗೆ ಹೋದ ವರ್ಷವೇ ಜಾಗ ಸಿಕ್ಕಿತ್ತು, ಕಟ್ಟುವುದಕ್ಕೆ ದುಡ್ಡಿರಲಿಲ್ಲ. ಆಗ ನಿನ್ನ ಮಾವನವರು ತಾವಾಗಿಯೇ ಹೇಳಿ ಕಳಿಸಿ, ಹದಿನೈದು ಸಾವಿರ ಕೊಡುತ್ತೇನೆ ಎಂದರು. ಜೂನ್ ತಿಂಗಳಲ್ಲಿ ಎಂಟು ಸಾವಿರವನ್ನು ಕೈಗೇ ಕೊಟ್ಟರು. ತಿಂಗಳಿಗೆ ಎರಡು ಮೂಟೆ ಅಕ್ಕಿಯನ್ನು ತಮ್ಮ ಮಂಡಿಯಿಂದಲೇ ಕಳಿಸುತ್ತೇನೆ ಎಂದರು. ಬಾಗಿಲ ಮೇಲೆ ಅವರ ತಾಯಿ ಸಿದ್ಧಮ್ಮನವರ ಹೆಸರು ಹಾಕಿಸಬೇಕು, ಮತ್ತೆ ಹಿಡಿಚೀಲ ನಿಲ್ಲಿಸಬೇಕು, ಇಷ್ಟೇ ಅವರ ಮಾತು. "ನಮ್ಮವ್ವನ ಹೆಸ್ರಿನ ಮನೆ ಹುಡ್ಗೀರು ಚೀಲ ಹಿಡ್ಕೊಂಡು ಬೀದಿ ಸುತ್ತೋದು ನಂಗೆ ಸರಿಬರಲ್ಲ" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ಆಗಲಿ ಎಂದೆ. ಮಾತು ಕೊಟ್ಟವಳು ನಾನೇ, ಯಾರೂ ಬಲವಂತ ಮಾಡಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಈಗ ನನ್ನ ದಡ್ಡತನ ಕೇಳು. ಈ ವರ್ಷ ಮಳೆ ತಡವಾಗಿತ್ತು. ಜನಕ್ಕೂ ಒಂದು ಹೊರೆ ಇಳಿಯುತ್ತದೆ, ಸಂತೋಷಪಡುತ್ತಾರೆ ಎಂದೇ ನಾನು ತಿಳಿದಿದ್ದೆ. ಜೂನ್ ಕೊನೆಯ ಸೋಮವಾರ ನೂರ ನಲವತ್ತು ಮನೆಗೂ ಹೋಗಿ, ಇನ್ನು ಮುಂದೆ ನೀವು ಕಾಳು ತೆಗೆದಿಡಬೇಕಾಗಿಲ್ಲ, ಕಡೂರಿನ ಸಾಹುಕಾರರು ನೋಡಿಕೊಳ್ಳುತ್ತಾರೆ ಎಂದು ದೊಡ್ಡ ಉಪಕಾರ ಮಾಡುವವಳ ಹಾಗೆ ನಗುನಗುತ್ತಾ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಒಳ್ಳೆಯ ಗಟ್ಟಿ ಬಟ್ಟೆ, ಯಾಕೆ ಹಾಳಾಗಬೇಕು ಎಂದು ಪ್ರತಿ ಮನೆಯ ಮೊಳೆಯಿಂದ ಚೀಲಗಳನ್ನು ನನ್ನ ಕೈಯಾರೆ ಇಳಿಸಿಕೊಂಡು ಬಂದೆ. ಒಗೆದು ಹುಡುಗಿಯರ ದಿಂಬಿಗೆ ಗವಸು ಹೊಲಿಸಿದೆ. ಒಬ್ಬರೂ ಬೇಡ ಅನ್ನಲಿಲ್ಲ. ಸರಿ ಟೀಚರಮ್ಮ, ಸರಿ ಟೀಚರಮ್ಮ ಅಂದರು. ಆವತ್ತು ಯಾವ ಮನೆಯಲ್ಲೂ ನನಗೆ ಕೂರಿ ಅನ್ನಲಿಲ್ಲ ಎಂಬುದು ಮನೆಗೆ ಬಂದು ಕಾಲು ಚಾಚಿದ ಮೇಲೆ ಹೊಳೆಯಿತು. ಮಳೆ ಬರುವ ಹಾಗಿತ್ತು, ಅವರವರ ಅವಸರ ಅವರಿಗೆ ಅಂದುಕೊಂಡೆ.

ಮೊದಲ ತಿಂಗಳು ಹುಡುಗಿಯರಿಗೆ ಹಬ್ಬ. ಎರಡು ಹೊತ್ತೂ ಅನ್ನ. ಮೂರನೇ ತಿಂಗಳಿಗೆ ಮುದ್ದೆ ಯಾವಾಗ ಮಾಡ್ತೀರ ಅಂತ ಕೇಳತೊಡಗಿದರು, ಅದು ಬಿಡು. ನನಗೆ ಬೇರೆಯದೇ ಕಾಣುತ್ತಾ ಬಂತು. ಮುಂಚೆ ಸೋಮವಾರ ಹೋದರೆ ಕಾಳಿನ ಜೊತೆ ಒಬ್ಬರು ಮಜ್ಜಿಗೆ ಕೊಡುತ್ತಿದ್ದರು, ಒಬ್ಬರು ಸೊಪ್ಪು ಕೊಡುತ್ತಿದ್ದರು, ಈರುಳ್ಳಿ ಕಿತ್ತ ಕಾಲಕ್ಕೆ ಹೊಲದಿಂದ ನೇರವಾಗಿ ಮೂಟೆ ಬಂದು ಬೀಳುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಓದು ಬಿಡಿಸುವ ಯೋಚನೆ ಯಾರಿಗಾದರೂ ಬಂದರೆ ಮೊದಲೇ ತಿಳಿದು ಹೋಗಿ ಜಗಳ ಕಾಯುತ್ತಿದ್ದೆ. ಈ ಸಲ ಶ್ರಾವಣ ಕಳೆದರೂ ಒಂದು ಗೆಡ್ಡೆ ಈರುಳ್ಳಿ ಬರಲಿಲ್ಲ. ಊರಲ್ಲಿ ನಾಲ್ಕು ಮದುವೆ ಆದವು, ಹಾಸ್ಟೆಲಿಗೆ ಒಂದು ಲಗ್ನಪತ್ರಿಕೆ ಇಲ್ಲ. ಹೊಸ ಕಟ್ಟಡದ ಗುದ್ದಲಿ ಪೂಜೆಗೆ ಊರೇ ಬರುತ್ತದೆ ಎಂದು ಮುನ್ನೂರು ಜನಕ್ಕೆ ಪಾನಕ ಮಾಡಿಸಿದ್ದೆ. ಬಂದವರು ಮೂವತ್ತು. ಉಳಿದ ಪಾನಕವನ್ನು ಹುಡುಗಿಯರು ಎರಡು ದಿನ ಕುಡಿದರು.

ಅದಕ್ಕಿಂತ ದೊಡ್ಡ ಪೆಟ್ಟು ಗಾಡಿಯದು. ನಮ್ಮ ಕೆಳಗಿನ ಬೀದಿಯ ತಮ್ಮಯ್ಯ ನಿನಗೆ ನೆನಪಿರಬೇಕು, ನಿನ್ನ ಮದುವೆಯಲ್ಲಿ ಸ್ಟೇಷನ್ನಿನಿಂದ ಬೀಗರನ್ನು ಕರೆತಂದವನು. ಹೋದ ವರ್ಷವೇ ಅವನು, ಕಟ್ಟಡ ಕಟ್ಟುವಾಗ ಎಂಟು ಗಾಡಿಯವರು ಸೇರಿ ಕಲ್ಲು, ಮರಳು ಎಲ್ಲ ಬಿಟ್ಟಿ ಹೊಡೆದುಕೊಡುತ್ತೇವೆ ಎಂದು ತಾನೇ ಬಂದು ಹೇಳಿದ್ದ. ಕೆಲಸ ಶುರುವಾದಾಗ ಹೇಳಿಕಳಿಸಿದರೆ ಬಂದು ಅಂಗಳದಲ್ಲಿ ನಿಂತ. "ಟೀಚರಮ್ಮ, ಆಗ ಹೇಳಿದ್ದು ನಮ್ಮೂರ ಹಾಸ್ಟೆಲಿಗೆ. ಈಗ ಸಾವ್ಕಾರ್ರ ಕಟ್ಟಡ ಎದ್ದೇಳ್ತಾ ಐತೆ. ಅವ್ರಿಗೇನು ಕಮ್ಮಿ? ಬಾಡ್ಗೆ ಕೊಡ್ಲಿ, ಹೊಡೀತೀವಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಕಷ್ಟವಾದದ್ದು. ಬಾಡಿಗೆ ಕೊಟ್ಟೇ ಹೊಡೆಸಿದೆವು. ನಿನ್ನ ಮಾವನವರು ಕೊಟ್ಟ ಎಂಟು ಸಾವಿರದಲ್ಲಿ ಎರಡು ಸಾವಿರದ ಚಿಲ್ಲರೆ ಬರಿ ಗಾಡಿಗೇ ಹೋಯಿತು. ಗೋಡೆ ಎದ್ದಿದೆ, ಮೇಲೆ ಸೂರಿಲ್ಲ.

ಆಗಲೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಊರಿನವರಿಗೆ ಹೊಟ್ಟೆಯುರಿ ಎಂದು ನಾಲ್ಕು ಜನದ ಮುಂದೆ ಅಂದೂ ಬಿಟ್ಟೆ. ಅರ್ಥ ಮಾಡಿಸಿದವಳು ಕೆಂಚಮ್ಮ. ಬಸ್‌ ನಿಲ್ದಾಣದ ಹಿಂದೆ ಭಟ್ಟಿ ಇಟ್ಟುಕೊಂಡು ಕಡಲೆ, ಪುರಿ ಹುರಿಯುತ್ತಾಳಲ್ಲ, ಅದೇ ಮುದುಕಿ. ಮೊದಲ ಮೂವತ್ತು ಮನೆಯಲ್ಲಿ ಅವಳದ್ದೂ ಒಂದು. ಕಾರ್ತಿಕದ ಮೊದಲ ವಾರ ಹುಡುಗಿಯರಿಗೆ ಪುರಿ ತರಲು ಹೋಗಿದ್ದೆ. ಯಾವತ್ತೂ ಸೇರಿನ ಮೇಲೆ ಒಂದು ಬೊಗಸೆ ಕೊಸರು ಹಾಕುವವಳು ಅವತ್ತು ಸೇರಿನ ಬಾಯಿ ಕೈಯಲ್ಲಿ ಸವರಿ ಅಳತೆ ಮಾಡಿ ಹಾಕಿದಳು. ಯಾಕೆ ಕೆಂಚಮ್ಮ, ನಾನೇನು ಮಾಡಿದೆ ಎಂದೆ. ಜರಡಿ ಆಡಿಸುತ್ತಲೇ ಹೇಳಿದಳು: "ನೀವೇನು ಮಾಡೀರವ್ವ. ಆರೊರ್ಸ ಹಿಡಿ ತೆಗ್ದ ಕೈ, ಸುಮ್ನಿರಲ್ಲ. ಈಗ್ಲೂ ತೆಗೀತೀನಿ. ಹಾಕಾಕೆ ಚೀಲ ಇಲ್ಲ, ಕೋಳಿಗೆ ಹಾಕ್ತೀನಿ. ಕೋಳಿ ನೋಡು, ಹೆಂಗೆ ಬಲ್ತೈತೆ." ಆಮೇಲೆ ಇನ್ನೊಂದು ಮಾತು ಅಂದಳು: "ನಮ್ಮ ಹಿಡಿ ಬ್ಯಾಡಾ ಅಂದ್ರೆ ಬ್ಯಾಡಾ ಅನ್ಬೋದಿತ್ತು. ಮೊಳೆ ಮ್ಯಾಗಿನ ಚೀಲ ಯಾಕವ್ವ ಕಿತ್ಕಂಡು ಹೋದ್ರಿ? ಸೂತಕದ ಮನೇಲೂ ಹಂಗೆ ಮಾಡಲ್ಲ." ಪುರಿ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ ಓಂಕಾರ. ಕಣ್ಣಲ್ಲಿ ನೀರು ಬಂತು, ಭಟ್ಟಿಯ ಹೊಗೆಗೆ ಅಂದುಕೊಂಡಳೋ ಏನೋ, ಅವಳು ನೋಡದ ಹಾಗೆ ಇದ್ದಳು.

ಅವತ್ತೇ ತೀರ್ಮಾನ ಮಾಡಿದೆ, ಚೀಲ ಮತ್ತೆ ಮೊಳೆಗೆ ಹೋಗಬೇಕು. ನಮ್ಮ ಹಾಸ್ಟೆಲ್ ಕಮಿಟಿಯ ಅಧ್ಯಕ್ಷರು, ಈರುಳ್ಳಿ ಮಂಡಿಯ ಶಿವಮೂರ್ತಪ್ಪನವರು, ಕೇಳಿದ ಕೂಡಲೇ ತಲೆ ಮೇಲೆ ಕೈ ಹೊತ್ತುಕೊಂಡರು. "ಏಳು ಸಾವಿರ ಬಿಟ್ಟು ಹಿಡಿ ರಾಗಿ ಹಿಂದೆ ಹೋಗ್ತೀರಲ್ಲಮ್ಮ, ಲೆಕ್ಕದ ಮೇಷ್ಟ್ರು ಯಾರಮ್ಮ ನಿಮಗೆ?" ಎಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲ ಅನ್ನುವ ಹಾಗಿಲ್ಲ. ಯುಗಾದಿಗೆ ಸೂರು ಹಾಕದಿದ್ದರೆ ಇಪ್ಪತ್ತೆರಡು ಹುಡುಗಿಯರು ತಂತಮ್ಮ ಊರಿಗೆ ಹೋಗಬೇಕು. ಅದರಲ್ಲಿ ಹತ್ತನೇ ಕ್ಲಾಸಿನ ನಾಲ್ವರ ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದಾರೆ, ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ. ಆದರೆ ನಾನು ಅವರಿಗೆ ಹೇಳಿದ್ದು ಇಷ್ಟೇ. ಸಾಹುಕಾರರು ದೊಡ್ಡ ಮನಸ್ಸಿನವರು, ಇಲ್ಲವೆನ್ನುವುದಿಲ್ಲ. ನಾಳೆ ಅವರಿಗೆ ಕೊಬ್ಬರಿ ವ್ಯಾಪಾರದಲ್ಲಿ ನಷ್ಟವಾದರೆ, ಇಲ್ಲವೇ ನನ್ನ ಮೇಲೆ ಮನಸ್ಸು ಮುರಿದರೆ, ಆವತ್ತು ನಾವು ಯಾವ ಮನೆಯ ಬಾಗಿಲಿಗೆ ಹೋಗುವುದು? ಇವತ್ತು ನೂರ ನಲವತ್ತು ಮನೆಯಲ್ಲಿ ನಮ್ಮನ್ನು ಕೂರಿ ಅನ್ನುವವರಿಲ್ಲ. ಕೊನೆಗೆ ಅವರು, ಹೋಗೋದಾದ್ರೆ ಹೋಗಿ ಸಾಹುಕಾರರ ಎದುರಿಗೇ ಹೇಳಿ ಬನ್ನಿ, ಬೆನ್ನ ಹಿಂದೆ ಮಾಡಬೇಡಿ ಎಂದರು. ಅದು ನನಗೂ ಸರಿ ಅನ್ನಿಸಿತು.

ಹಾಗೆ ಭಾನುವಾರ ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಬೀರೂರಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಅಷ್ಟು ಹೊತ್ತೂ ನಿನ್ನದೇ ಯೋಚನೆ. ಚೊಚ್ಚಲ ಬಾಣಂತನಕ್ಕೆ ನಿನ್ನ ಹೆಂಡತಿ ಆ ಮನೆಗೇ ಹೋಗಬೇಕು. ಇಂಥ ಹೊತ್ತಿನಲ್ಲಿ ಬೀಗರ ಮನಸ್ಸು ಕೆಡಿಸಲು ಹೊರಟಿದ್ದೇನಲ್ಲ, ನನ್ನಂಥ ಅಕ್ಕ ಯಾರಿಗೂ ಬೇಡ ಅನ್ನಿಸಿತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಅಜ್ಜಂಪುರದ ಕಡೆ ಹೋಗುವ ಗಾಡಿ ನಿಂತಿತ್ತು. ಇಳಿದು ಅದನ್ನು ಹತ್ತಿಬಿಡಲೇ ಎಂದು ಎರಡು ಸಲ ಎದ್ದೆ. ಈ ಮಂಡಿಯಲ್ಲಿ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಎರಡು ಗಾಡಿಯೂ ತಪ್ಪುತ್ತಿತ್ತು. ಕೂತೆ.

ನಿನ್ನ ಮಾವನವರು ಮಂಡಿಯ ಹಿಂದಿನ ಪಡಸಾಲೆಯಲ್ಲಿದ್ದರು. ಬೀಗಿತ್ತಿಯವರು ಬಂದರು ಎಂದು ಎದ್ದು ನಿಂತು ಮರ್ಯಾದೆ ಮಾಡಿದರು, ಎಳನೀರು ತರಿಸಿದರು. ನಾನು ಸುತ್ತು ಬಳಸಲಿಲ್ಲ. ಜೂನಿನಲ್ಲಿ ನಿಮಗೆ ಕೊಟ್ಟ ಮಾತನ್ನು ಮುರಿಯಲು ಬಂದಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಹೇಳಿದೆ. ಗಾಡಿಯವರ ವಿಷಯ, ಕೆಂಚಮ್ಮನ ವಿಷಯ ಎಲ್ಲ ಹೇಳಿದೆ. ತಾಯಿಯವರ ಹೆಸರು ಬಾಗಿಲ ಮೇಲೆ ಇರುವುದಕ್ಕೆ ನಮಗೆ ಸಂತೋಷವೇ, ನಿಮ್ಮ ಹಣವೂ ಬೇಕು, ಊರವರ ಹಿಡಿಯೂ ಬೇಕು, ಎರಡೂ ಇದ್ದರೆ ಮಾತ್ರ ಆ ಮನೆ ನಿಲ್ಲುತ್ತದೆ ಎಂದೆ. ಅವರು ಸಿಟ್ಟಾಗುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ನಿಮಗೆ ಒಂದು ವಿಷಯ ಹೇಳಿಲ್ಲ ಎಂದರು.

ಅವರು ಹೇಳಿದ್ದನ್ನು ಮಲ್ಲಿಕಾಂಬಳೂ ಕೇಳಿರಲಾರಳು. "ನಂಗೆ ಹನ್ನೊಂದೊರ್ಷ. ಅಪ್ಪ ಇರ್ಲಿಲ್ಲ. ದೂರದ ಒಂದು ಬೋರ್ಡಿಂಗಲ್ಲಿ ಇಟ್ಟಿದ್ರು. ವಾರಕ್ಕೊಂದ್ಸಲ ಜೋಳಿಗೆ ಕೊಟ್ಟು ಊರೊಳಗೆ ಕಳ್ಸೋರು. ಒಂದಿನ ನಮ್ಮ ಸೋದರತ್ತೆ ಮನೆ ಬೀದಿಗೇ ನನ್ನ ಸರದಿ ಬಂತು. ಅವ್ರ ಮನೇಲಿ ನೆಂಟ್ರು ಕೂತಿದ್ರು. ಅತ್ತೆ ಮೊರದಲ್ಲಿ ಕಾಳು ತಂದು ಹಾಕಿದ್ಲು, ನನ್ನ ಮುಖ ನೋಡ್ಲಿಲ್ಲ. ಗುರ್ತಿಲ್ದೋರ ಹಂಗೆ ಒಳಗೆ ಹೋದ್ಲು. ಅವತ್ತಿಂದ ನಾನು ಬೋರ್ಡಿಂಗಲ್ಲಿ ಹೊಟ್ಟೆ ತುಂಬ ಉಂಡಿಲ್ಲ ಬೀಗಿತ್ತಿ. ನಿಮ್ಮ ಹುಡ್ಗೀರ್ಗೆ ಅದು ಬ್ಯಾಡ ಅಂತ್ಲೇ ನಾನು ದುಡ್ಡು ಬಿಚ್ಚಿದ್ದು." ಇಷ್ಟು ಹೇಳಿ ಕನ್ನಡಕ ಹಾಕಿಕೊಂಡರು. ಅವರು ಡೌಲಿಗೆ ಹೇಳುತ್ತಿದ್ದಾರೆ ಎಂದು ಐದು ತಿಂಗಳು ತಿಳಿದಿದ್ದೆನಲ್ಲ. ನಮ್ಮ ಹತ್ತನೇ ಕ್ಲಾಸಿನ ಕಾಮಾಕ್ಷಿ ಹೋದ ವರ್ಷ ತನ್ನ ಕ್ಲಾಸಿನ ಹುಡುಗನ ಮನೆ ಬಂದಾಗ ಚೀಲ ನನ್ನ ಕೈಗೆ ಕೊಟ್ಟು ಗೋಡೆಯ ಮರೆಗೆ ಹೋಗಿ ನಿಂತದ್ದು ನೆನಪಾಯಿತು. ಏನು ಬಿಂಕ ಇವಳಿಗೆ ಎಂದು ಅವತ್ತು ಬೈದಿದ್ದೆ. ಆರು ವರ್ಷ ಎಷ್ಟು ಹುಡುಗಿಯರು ಹಾಗೆ ಗೋಡೆ ಹುಡುಕಿದರೋ, ನಾನು ನೋಡಿಯೇ ಇಲ್ಲ.

ಹುಡುಗಿಯರು ಇನ್ನು ಮೇಲೆ ಹೋಗುವುದಿಲ್ಲ ಬೀಗರೇ, ನಾನೇ ಹೋಗುತ್ತೇನೆ, ಕಮಿಟಿಯವರು ಬಂದರೆ ಅವರೂ ಬರಲಿ ಎಂದೆ. ಆ ಮಾತನ್ನು ಅಲ್ಲಿ ಕೂತಲ್ಲೇ ಯೋಚಿಸಿ ಹೇಳಿದ್ದು, ಹಿಂದೆ ತೆಗೆದುಕೊಳ್ಳುವ ಮಾತಲ್ಲ. ಅವರು ತಲೆಯಾಡಿಸಿದರು. "ಯಾರು ಹೋದ್ರೂ ಚೀಲ ಚೀಲಾನೇ. ನಮ್ಮವ್ವನ ಹೆಸರ ಕೆಳಗೆ ಅದು ಬ್ಯಾಡ. ಕೊಟ್ಟಿದ್ದನ್ನ ವಾಪಸ್ ಕೇಳೋನಲ್ಲ ನಾನು. ಇನ್ನು ಕೊಡಲ್ಲ. ಅಕ್ಕೀನೂ ಈ ತಿಂಗಳಿಗೆ ಸಾಕು" ಎಂದರು. ಆಗಲಿ ಎಂದೆ. ಒಳಗಿನಿಂದ ನಿನ್ನ ಅತ್ತೆ ತೀರ್ಥಮ್ಮನವರು ಎಲ್ಲ ಕೇಳಿಸಿಕೊಂಡಿದ್ದರು. ಊಟ ಮಾಡದೆ ಬಿಡಲಿಲ್ಲ. ನಾನು ಎಲೆಯ ಮುಂದೆ ಕೂತಾಗ ತುಪ್ಪ ಬಡಿಸುತ್ತಾ, "ನನ್ನ ಮಗಳ ಬಾಣಂತನಕ್ಕೂ ನಿಮ್ಮ ಚೀಲಕ್ಕೂ ಗಂಟು ಹಾಕ್ಬ್ಯಾಡಿ. ಅದು ನನ್ನ ಕೆಲ್ಸ, ನಾನು ನೋಡ್ಕೊಳ್ತೀನಿ" ಎಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಈ ಸಾಲನ್ನು ಮಲ್ಲಿಕಾಂಬಳಿಗೆ ಎರಡು ಸಲ ಓದಿ ಹೇಳು.

ಸೋಮವಾರ, ಅಂದರೆ ಮೊನ್ನೆ, ಶಾಲೆಗೆ ಅರ್ಧ ದಿನ ರಜೆ ಹಾಕಿ ಮನೆಮನೆಗೆ ಹೊರಟೆ. ದಿಂಬಿನ ಗವಸುಗಳನ್ನೆಲ್ಲ ಬಿಚ್ಚಿ ಮತ್ತೆ ಚೀಲ ಹೊಲಿದಿದ್ದೆವು. ಪ್ರತಿ ಬಾಗಿಲಲ್ಲೂ ಒಂದೇ ಮಾತು: ಅವತ್ತು ಚೀಲ ಇಳಿಸಿದ್ದು ನನ್ನ ತಪ್ಪು, ನಿಮ್ಮ ಹಿಡಿ ಬೇಕು, ಕೇಳಲು ಬಂದಿದ್ದೇನೆ. ಮೊದಲ ಹತ್ತು ಮನೆಯಲ್ಲಿ ಹೇಳುವುದು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ಎಲ್ಲರೂ ಕೈ ಹಿಡಿದು ಒಳಗೆ ಕರೆದರು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಹಾಗಾಗಲಿಲ್ಲ. ಅರವತ್ತೊಂದು ಮನೆಯವರು ಚೀಲ ತೆಗೆದುಕೊಂಡರು. ಕೆಲವರು ನೋಡೋಣ ಎಂದರು. ಒಬ್ಬಾಕೆ, ಸಾಹುಕಾರರು ಕೈ ಬಿಟ್ರಾ ಎಂದು ಮುಖಕ್ಕೇ ಕೇಳಿದಳು, ಹೌದಮ್ಮ ಬಿಟ್ಟರು ಎಂದೆ. ತಮ್ಮಯ್ಯ ಚೀಲ ಇಸಿದುಕೊಂಡು ಹೆಂಡತಿಯ ಕೈಗೆ ಕೊಟ್ಟ. "ಚೀಲ ಇರ್ಲಿ. ಗಾಡಿ ಮಾತು ಆಮ್ಯಾಕೆ" ಎಂದ. ಕೆಂಚಮ್ಮ, ಮೊಳೆ ಸಡಿಲವಾಗಿದೆ ಎಂದು ಕಲ್ಲು ತಂದು ನನ್ನ ಕೈಯಲ್ಲೇ ಹೊಡೆಸಿದಳು. ಬರುವ ಸೋಮವಾರ ಕಾರ್ತಿಕದ ಕೊನೆಯ ಸೋಮವಾರ, ಮೊದಲ ಕಾಳು ಎತ್ತುವುದು ಅವತ್ತು. ಅರವತ್ತೊಂದು ಮನೆಯಿಂದ ಇಪ್ಪತ್ತೆರಡು ಹೊಟ್ಟೆ ತುಂಬುವುದಿಲ್ಲ, ನನಗೆ ಗೊತ್ತು. ಉಳಿದ ಎಪ್ಪತ್ತೊಂಬತ್ತು ಮನೆಗೂ ಪ್ರತಿ ಸೋಮವಾರ ಹೋಗುತ್ತೇನೆ. ಕೊಡುವವರೆಗೆ ಹೋಗುತ್ತೇನೆ.

ನಿನ್ನ ಮಾವನವರಿಗೂ ಪ್ರತಿ ತಿಂಗಳು ಕಾಗದ ಬರೆಯುತ್ತೇನೆ. ದುಡ್ಡು ಕೇಳುವುದಕ್ಕಲ್ಲ, ಗೋಡೆ ಎಷ್ಟು ಎದ್ದಿತು, ಯಾವ ಹುಡುಗಿ ಎಷ್ಟು ಅಂಕ ತೆಗೆದಳು, ಯಾರು ಚೀಲ ಹೊತ್ತರು, ಎಲ್ಲ ತಿಳಿಸುತ್ತೇನೆ. ಅವರ ಎಂಟು ಸಾವಿರ ಆ ಗೋಡೆಯಲ್ಲಿದೆ. ಬಾಗಿಲ ಮೇಲೆ ಸಿದ್ಧಮ್ಮನವರ ಹೆಸರು ಹಾಕಿಸಿಯೇ ಹಾಕಿಸುತ್ತೇನೆ. ಬೇಡ ಅನ್ನುವುದಾದರೆ ಅವರೇ ಬಂದು ಅಳಿಸಲಿ, ಅಷ್ಟರ ಮಟ್ಟಿಗೆ ನಾನೂ ಹಟದವಳೇ. ನೀನು ಮಾತ್ರ ಮಧ್ಯೆ ಮೂಗು ತೂರಿಸಿ, ಅಕ್ಕನ ಪರವಾಗಿ ಕ್ಷಮೆ ಕೇಳುತ್ತೇನೆ ಅಂತ ಕಡೂರಿಗೆ ಕಾಗದ ಬರೆಯಬೇಡ. ನಾನು ತಪ್ಪು ಮಾಡಿದ್ದು ಈ ಊರಿನ ಮನೆಗಳಿಗೆ, ಅಲ್ಲಿ ಕೇಳಿಕೊಂಡಿದ್ದೇನೆ. ಮಾತು ಮುರಿದದ್ದು ನಿನ್ನ ಮಾವನವರಿಗೆ, ಅದನ್ನು ಅವರ ಎದುರಿಗೇ ಒಪ್ಪಿಕೊಂಡಿದ್ದೇನೆ. ನಿನ್ನ ಪಾಲಿಗೆ ಏನೂ ಉಳಿದಿಲ್ಲ.

ಹುಡುಗಿಯರು ಬರುವ ಹೊತ್ತಾಯಿತು, ದೂರದಿಂದಲೇ ಕೂಗಾಟ ಕೇಳುತ್ತಿದೆ, ಯಾರೋ ಗೆದ್ದಿರಬೇಕು. ಹೊಟ್ಟೆಯ ವಿಷಯ ಮರುಟಪಾಲಿಗೆ ಬರೆ. ನಿಮ್ಮಿಬ್ಬರಿಗೂ, ಇನ್ನೂ ಮುಖ ಕಾಣದ ಮೂರನೆಯವರಿಗೂ ಶಿವನು ಆಯುಸ್ಸು ಆರೋಗ್ಯ ಕೊಡಲಿ.

ನಿನ್ನ ಅಕ್ಕ,
ವಿಶಾಲಾಕ್ಷಿ

ಮರೆತಿದ್ದೆ. ಮರೆತಿದ್ದೆ ಅನ್ನುವುದು ಸುಳ್ಳು. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಟಪಾಲು ಕಟ್ಟಲು ಇನ್ನು ಕಾಲು ಗಂಟೆಯಿದೆ. ಸೂರಿನ ತೊಲೆಗಳನ್ನು ತರೀಕೆರೆಯ ಮರದ ಅಡ್ಡೆಯಲ್ಲಿ ಆರಿಸಿ ಇಟ್ಟಿದ್ದೇವೆ. ತಿಂಗಳ ಕೊನೆಯವರೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಅಡ್ಡೆಯವರು ಹೇಳಿದ್ದಾರೆ. ಅದಕ್ಕೆ ಸಾವಿರದ ಇನ್ನೂರು ರೂಪಾಯಿ ಕಡಿಮೆ ಬೀಳುತ್ತದೆ. ಗೌರಿ ಹಬ್ಬಕ್ಕೆ ಬಂದಾಗ ಮಲ್ಲಿಕಾಂಬ ಒಂದು ಮಾತು ಹೇಳಿದ್ದಳು: "ಊರೋರ್ನೆಲ್ಲ ಕೇಳ್ತಾಳೆ ಅಕ್ಕ, ನನ್ನೊಬ್ಬನ್ನ ಕೇಳಲ್ಲ ಅಂತ ಇವ್ರು ಕೊರಗ್ತಾರೆ." ಅವನಿಗೆ ಯಾಕಮ್ಮ ಹೊರೆ ಎಂದು ನಕ್ಕುಬಿಟ್ಟಿದ್ದೆ. ಮೊನ್ನೆ ಅಷ್ಟು ಬಾಗಿಲಲ್ಲಿ ನಿಂತ ಮೇಲೆ ಆ ನಗು ನನಗೇ ಚುಚ್ಚುತ್ತಿದೆ. ಆರು ವರ್ಷ ನಿನ್ನ ಮನೆಯೊಂದನ್ನೇ ದಾಟಿಕೊಂಡು ಹೋಗಿದ್ದೇನೆ. ಹೆರಿಗೆಯ ಖರ್ಚು ಮುಂದಿದೆ, ಗೊತ್ತಿದ್ದೇ ಕೇಳುತ್ತಿದ್ದೇನೆ. ರಸೀದಿಯಲ್ಲಿ ನಿನ್ನ ಹೆಸರು ಬರುತ್ತದೆ, ಮಾವನವರಿಗೆ ತಿಳಿಯುತ್ತದೆ. ಗುಟ್ಟಾಗಿ ಕೊಡುವುದಾದರೆ ಬೇಡ. ಆಗದಿದ್ದರೆ ಆಗುವುದಿಲ್ಲ ಎಂದು ನೇರವಾಗಿ ಬರೆ, ನನಗೆ ಸಿಟ್ಟಿಲ್ಲ. ಆದರೆ ಅಕ್ಕ ಕೇಳಲಿಲ್ಲ ಎಂದು ಇನ್ನು ಮೇಲೆ ನೀನು ಹೇಳುವ ಹಾಗಿಲ್ಲ. ಕೇಳಿದ್ದೇನೆ.